ಎಡಕುಮೇರಿಯಲ್ಲಿ ರೈಲು ನಿಂತರೆ

ಈಗ ಸ್ಕ್ರೀನ್ ಮೇಲೆ ಕಾಣ್ತಿರೋದು ಎಡಕುಮೇರಿ, ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಮಧ್ಯದ ರೈಲು ನಿಲ್ದಾಣ. ಬೆಂಗಳೂರಿಂದ ಮಂಗಳೂರಿಗೆ ಹಗಲು ರೈಲಲ್ಲಿ ಒಮ್ಮೆಯಾದ್ರೂ ಬಂದೋರಿಗೆ ಈ ಹಳದಿ ಬೋರ್ಡ್ ನೆನಪಿರುತ್ತೆ. ಇಲ್ಲಿ ಇಳಿದಿದ್ದೀರಿ ಅಂತ ಅಲ್ಲ. ಇಳಿದು ಹೋಗೋದಾದ್ರೂ ಎಲ್ಲಿಗೆ, ಸುತ್ತ ಕಾಡು. ರೈಲು ಇಲ್ಲಿ ನಿಲ್ಲುತ್ತೆ, ನಿಂತೇ ಇರುತ್ತೆ, ಅದಕ್ಕೇ ನೆನಪು. ಮೊದಮೊದಲು ಎಲ್ಲರೂ ಬಾಗಿಲಿಗೆ ಬಂದು ಫೋಟೋ ತೆಗೀತಾರೆ. ಆಮೇಲೆ ಫೋನ್ ಮೇಲೆತ್ತಿ ಸಿಗ್ನಲ್ ಹುಡುಕ್ತಾರೆ. ಅದೂ ಸಿಗದಿದ್ದಾಗ ಶುರುವಾಗುತ್ತೆ ನೋಡಿ, "ಯಾಕೆ ನಿಲ್ಸಿದ್ದಾರೆ?"



ನನ್ನೆದುರು ಕೂತಿದ್ದ ಪುತ್ತೂರಿನ ಅಮ್ಮನ್ನ ನಾನೂ ಅದೇ ಪ್ರಶ್ನೆ ಕೇಳಿದೆ. ಅವರು ಮ್ಯಾಗಜಿನ್‌ನಿಂದ ತಲೆ ಎತ್ತಲಿಲ್ಲ. "ಎದುರಿಂದ ಗೂಡ್ಸ್ ಬರ್ತಾ ಉಂಟು ಮಗಾ. ಅದು ಬರದೆ ನಮ್ಮನ್ನು ಬಿಡುದಿಲ್ಲ" ಅಂದ್ರು. ಈ ದಾರಿಯ ಅರ್ಧ ಕಥೆ ಅಷ್ಟರಲ್ಲೇ ಮುಗೀತು. ಉಳಿದರ್ಧ ಹೇಳೋಕೆ ಈ ವಿಡಿಯೋ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್. 57 ಸುರಂಗ. ಇಳಿಜಾರು 50ಕ್ಕೆ 1, ಅಂದ್ರೆ 50 ಮೀಟರ್ ಮುಂದೆ ಹೋದ್ರೆ ಒಂದು ಮೀಟರ್ ಕೆಳಗೆ. ಕೇಳೋಕೆ ಏನೂ ಅಲ್ಲ ಅನ್ಸುತ್ತೆ, ಆದ್ರೆ ಕಬ್ಬಿಣದ ಹಳಿ ಮೇಲೆ ಕಬ್ಬಿಣದ ಚಕ್ರಕ್ಕೆ ಅದು ಬಹಳ ಕಡಿದು. ಹಾಗಾಗಿ ಇಲ್ಲಿ ಪ್ರಯಾಣಿಕರ ರೈಲು ಗಂಟೆಗೆ 30 ಕಿಲೋಮೀಟರ್ ಆಸುಪಾಸಿನಲ್ಲೇ ಹೋಗೋದು. ಎಲ್ಲಾ ಸರಿಯಾಗಿದ್ರೂ ಘಾಟಿ ದಾಟೋಕೆ ಎರಡು ಗಂಟೆ ಮೇಲೆಯೇ ಬೇಕು. ಅದನ್ನ ತಡ ಅನ್ನೋಕಾಗಲ್ಲ, ಅದು ವೇಳಾಪಟ್ಟಿಯಲ್ಲೇ ಇದೆ.

ತಡ ಶುರುವಾಗೋದು ಬೇರೆ ಕಡೆಯಿಂದ. ಇಲ್ಲಿ ಹಳಿ ಒಂದೇ. ಸಕಲೇಶಪುರಕ್ಕೂ ಸುಬ್ರಹ್ಮಣ್ಯ ರೋಡ್‌ಗೂ ಮಧ್ಯೆ ಇರೋದು ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು. ಎದುರು ಬದುರು ಬರೋ ಎರಡು ರೈಲು ದಾಟಿಕೊಳ್ಳೋಕೆ ಲೂಪ್ ಲೈನ್, ಅಂದ್ರೆ ಪಕ್ಕಕ್ಕೆ ಸರಿದು ನಿಲ್ಲೋ ಇನ್ನೊಂದು ಹಳಿ, ಇರೋದು ಇಂಥ ನಿಲ್ದಾಣಗಳಲ್ಲಿ ಮಾತ್ರ. ಲೆಕ್ಕ ಹಾಕಿ ನೋಡಿ. 55 ಕಿಲೋಮೀಟರ್‌ಗೆ ಐದು ತುಂಡು, ಸರಾಸರಿ ಒಂದೊಂದು 11 ಕಿಲೋಮೀಟರ್. 30ರ ವೇಗದಲ್ಲಿ ಒಂದು ತುಂಡು ದಾಟೋಕೆ ಇಪ್ಪತ್ತೆರಡು ನಿಮಿಷ. ಎದುರಿನ ರೈಲು ಆ ತುಂಡಿನೊಳಗೆ ಬಂದುಬಿಟ್ಟಿದ್ರೆ ಅದು ಹೊರಗೆ ಬರೋವರೆಗೆ ನಿಮ್ಮ ಸಿಗ್ನಲ್ ಕೆಂಪೇ.

ಈಗ ನಿಮ್ಮ ರೈಲು ಹಾಸನದಲ್ಲಿ ಬರೀ ಹತ್ತು ನಿಮಿಷ ತಡ ಆಯ್ತು ಅಂದ್ಕೊಳ್ಳಿ. ದೋಣಿಗಲ್‌ನಲ್ಲಿ ಆಗಬೇಕಿದ್ದ ಕ್ರಾಸಿಂಗ್ ತಪ್ಪಿತು. ನಿಮಗೋಸ್ಕರ ಎದುರಿನ ಗೂಡ್ಸ್‌ನ ಏರಿನ ಮಧ್ಯೆ ಕಾಯಿಸ್ತಾ ಕೂರೋದಕ್ಕಿಂತ ಅದನ್ನ ಮೇಲೆ ಹತ್ತಿಸಿಬಿಡೋಣ ಅಂತ ಕಂಟ್ರೋಲ್‌ನವರು ತೀರ್ಮಾನ ಮಾಡ್ತಾರೆ. ಭಾರ ಹೊತ್ತು ಹತ್ತೋ ಗೂಡ್ಸ್ ನಮ್ಮಷ್ಟು ವೇಗವಾಗೂ ಬರಲ್ಲ. ಹತ್ತು ನಿಮಿಷ ಇದ್ದದ್ದು ನಲವತ್ತಾಗುತ್ತೆ. ಆ ನಲವತ್ತು ಮುಂದಿನ ಕ್ರಾಸಿಂಗ್‌ನೂ ಕೆಡಿಸಿದ್ರೆ ಗಂಟೆ ದಾಟುತ್ತೆ. ಇಷ್ಟರಲ್ಲಿ ಎಂಜಿನ್ ಕೆಟ್ಟಿಲ್ಲ, ಹಳಿ ತಪ್ಪಿಲ್ಲ, ಯಾರೂ ನಿದ್ದೆ ಮಾಡಿಲ್ಲ. ಒಂಟಿ ಹಳಿಯಲ್ಲಿ ಸರದಿ ತಪ್ಪಿತು, ಅಷ್ಟೇ.

ಡೀಸೆಲ್ ಕಾಲದಲ್ಲಿ ಇದರ ಜೊತೆಗೆ ಬ್ಯಾಂಕರ್ ಎಂಜಿನ್ ಕಥೆ ಬೇರೆ. ಸುಬ್ರಹ್ಮಣ್ಯ ರೋಡ್‌ನಿಂದ ಮೇಲೆ ಬರೋವಾಗ ಹಿಂದಿನಿಂದ ತಳ್ಳೋಕೆ ಹೆಚ್ಚುವರಿ ಎಂಜಿನ್ ಕಟ್ತಿದ್ರು, ಮೇಲೆ ಬಂದ ಮೇಲೆ ಬಿಚ್ತಿದ್ರು. ಆ ಎಂಜಿನ್ ಇನ್ನೊಂದು ರೈಲಿಗೆ ಹೋಗಿದ್ರೆ ಅದು ವಾಪಸ್ ಬರೋವರೆಗೂ ಕಾಯಬೇಕಿತ್ತು. ಇಳಿಯೋ ರೈಲಿಗೆ ಬೇರೆಯದೇ ಪಾಡು, ಕೆಳಗಿನವರೆಗೂ ಬ್ರೇಕ್ ಹತೋಟಿಯಲ್ಲೇ ಇರ್ಬೇಕು. ನಿಂತು ನಿಂತು ಇಳಿಯೋದನ್ನ ನೋಡಿ ಬೇಸರ ಮಾಡ್ಕೊಳ್ಳೋರಿಗೆ ನಾನು ಹೇಳೋದು ಒಂದೇ: ಈ ಇಳಿಜಾರಲ್ಲಿ ಅವಸರದ ಲೋಕೋ ಪೈಲಟ್ ನನಗಂತೂ ಬೇಡ.

ಇನ್ನು ರೈಲು ಎಷ್ಟು ತಡ ಅಂತ ತೋರಿಸೋ ಆಪ್ ವಿಷಯ. ಕಬಕ ಪುತ್ತೂರಲ್ಲಿ ಐವತ್ತು ನಿಮಿಷ ತಡ ತೋರಿಸಿದ್ದ ರೈಲು ಮಂಗಳೂರು ಮುಟ್ಟುವಾಗ ಇಪ್ಪತ್ತೇ ನಿಮಿಷ ತಡ ಅಂತ ತೋರಿಸಬಹುದು. ಯಾರೂ ಹಾರಿಸಿಕೊಂಡು ಬಂದಿಲ್ಲ. ದೂರದ ರೈಲುಗಳ ವೇಳಾಪಟ್ಟಿಯಲ್ಲಿ ಕೊನೆಯ ಒಂದೆರಡು ನಿಲ್ದಾಣಗಳ ಮಧ್ಯೆ ಹೆಚ್ಚುವರಿ ಸಮಯ ತುಂಬಿಟ್ಟಿರ್ತಾರೆ, ದಾರಿಯಲ್ಲಿ ಕಳ್ಕೊಂಡಿದ್ದು ಅಲ್ಲಿ ಸರಿಹೋಗ್ಲಿ ಅಂತ. ದಾಖಲೆಯಲ್ಲಿ ರೈಲು ಹೆಚ್ಚುಕಮ್ಮಿ ಸಮಯಕ್ಕೇ ಬಂದ ಹಾಗೆ. ಮಧ್ಯದಲ್ಲಿ ಇಳಿಯೋ ಬಂಟ್ವಾಳದವರಿಗೆ, ಪುತ್ತೂರಿನವರಿಗೆ ಮಾತ್ರ ಪೂರ್ತಿ ತಡ. ಇದು ನನಗೆ ಮೊದಲಿಂದಲೂ ಸರಿ ಕಂಡಿಲ್ಲ.

ಗೂಡ್ಸ್‌ಗೆ ಯಾಕಿಷ್ಟು ಮರ್ಯಾದೆ ಅಂತ ಸಿಟ್ಟು ಬಂದ್ರೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು. ಹಾಸನ–ಮಂಗಳೂರು ಮೀಟರ್ ಗೇಜ್ ಹಳಿ ಪೂರ್ತಿಯಾಗಿದ್ದು 1979ರಲ್ಲಿ. ಪಣಂಬೂರಿನ ಹೊಸ ಬಂದರಿಗೆ ಒಳನಾಡಿನಿಂದ ದಾರಿ ಬೇಕಿತ್ತು. ಹಳಿ ಅಗಲ ಮಾಡಿ ಬ್ರಾಡ್ ಗೇಜ್ ಮಾಡ್ತೀವಿ ಅಂತ 90ರ ದಶಕದ ಮಧ್ಯದಲ್ಲಿ ಈ ದಾರಿ ಮುಚ್ಚಿದ್ರು. ಮತ್ತೆ ತೆರೆದಾಗ ಮೊದಲು ಬಂದಿದ್ದು ಗೂಡ್ಸ್, 2006ರಲ್ಲಿ. ನಾವು ನೀವು ಹತ್ತೋ ರೈಲು ಬಂದಿದ್ದು 2007ರ ಡಿಸೆಂಬರ್‌ನಲ್ಲಿ. ಹತ್ತು ವರ್ಷಕ್ಕೂ ಹೆಚ್ಚು ಕಾಲ ರಾಜಧಾನಿಗೂ ಕರಾವಳಿಗೂ ಈ ದಾರಿಯಲ್ಲಿ ಪ್ರಯಾಣಿಕರ ರೈಲೇ ಇರ್ಲಿಲ್ಲ. ಆ ಹತ್ತು ವರ್ಷದಲ್ಲಿ ಒಂದು ತಲೆಮಾರು ರಾತ್ರಿ ಬಸ್ಸಿಗೆ ಒಗ್ಗಿಹೋಯ್ತು. ಇವತ್ತಿಗೂ ನಮ್ಮ ಮನೆಗಳಲ್ಲಿ "ರೈಲಾ? ಬಸ್ಸಲ್ಲಿ ಬಾ, ಬೆಳಿಗ್ಗೆ ಬಂದಿರ್ತೀಯ" ಅನ್ನೋ ಮಾತು ಬರೋದು ಅಲ್ಲಿಂದ್ಲೇ ಅಂತ ನನಗನಿಸುತ್ತೆ.

ಇಲ್ಲಿವರೆಗೆ ಹೇಳಿದ್ದು ತಡದ ಕಥೆ. ರದ್ದಾಗೋದರ ಕಥೆ ಬೇರೆ, ಅದು ಮಳೆಯಿಂದ ಶುರು.

2018ರ ಆಗಸ್ಟ್‌ನಲ್ಲಿ, ಕೊಡಗು ಕುಸಿದ ಅದೇ ಮಳೆಯಲ್ಲಿ, ಈ ಘಾಟಿಯಲ್ಲೂ ಎಷ್ಟೋ ಕಡೆ ಗುಡ್ಡ ಜಾರಿ ಹಳಿ ಮೇಲೆ ಬಿತ್ತು. ವಾರಗಟ್ಟಲೆ ರೈಲಿಲ್ಲ. 2024ರ ಜುಲೈ 26ರಂದು ಎಡಕುಮೇರಿ–ಕಡಗರವಳ್ಳಿ ನಡುವೆ ಆದದ್ದು ಬೇರೆ ಥರ. ಅಲ್ಲಿ ಮೇಲಿಂದ ಮಣ್ಣು ಬಿದ್ದಿದ್ದಕ್ಕಿಂತ ಹಳಿಯ ಕೆಳಗಿನ ನೆಲವೇ ಜಾರಿ ಹೋಗಿತ್ತು. ಮೇಲಿಂದ ಬಿದ್ದ ಮಣ್ಣನ್ನ ಯಂತ್ರ ತಂದು ಎತ್ತಬಹುದು. ಕೆಳಗಿನ ಆಧಾರ ಹೋದ್ರೆ ಕಲ್ಲು ತುಂಬಿದ ತಂತಿ ಬುಟ್ಟಿಗಳನ್ನ ಒಂದರ ಮೇಲೊಂದು ಇಟ್ಟು ಗೋಡೆ ಎಬ್ಬಿಸ್ಬೇಕು, ಮಣ್ಣು ಗಟ್ಟಿ ಮಾಡ್ಬೇಕು, ಆಮೇಲೆ ಖಾಲಿ ಎಂಜಿನ್, ಆಮೇಲೆ ಗೂಡ್ಸ್ ಓಡಿಸಿ ನೋಡ್ಬೇಕು. ಅದೂ ಸುರಿಯೋ ಮಳೆಯಲ್ಲಿ. ಆ ಜಾಗಕ್ಕೆ ಲಾರಿ ಹೋಗೋ ರಸ್ತೆ ಇಲ್ಲ, ಕಲ್ಲು, ಮರಳು, ಯಂತ್ರ ಎಲ್ಲ ಹಳಿ ಮೇಲೇ ಬರ್ಬೇಕು. ಆಗಸ್ಟ್ ಎರಡನೇ ವಾರದ ಹೊತ್ತಿಗೆ ಪ್ರಯಾಣಿಕರ ರೈಲು ಮತ್ತೆ ಹೊರಟಿತು. ಉಸಿರು ಬಿಡೋಷ್ಟರಲ್ಲಿ ಘಾಟಿಗಿಂತ ಮೇಲೆ, ಬಾಳ್ಳುಪೇಟೆ–ಸಕಲೇಶಪುರ ನಡುವೆ ಮಣ್ಣು ಕುಸಿದು ಮತ್ತೆ ನಿಂತಿತು.

ಕೆಳಗೆ ಇಳಿದ್ರೂ ಪಾರಾದ್ವಿ ಅನ್ನೋ ಹಾಗಿಲ್ಲ. 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಕುಲಶೇಖರದಲ್ಲೇ ಗುಡ್ಡ ಹಳಿ ಮೇಲೆ ಬಂತು. ಮುಂದೆ ಕಾರವಾರಕ್ಕೆ ಹೋಗೋರಿಗೆ ಆ ದಾರೀನೂ ಬಂದ್.

ಬೇರೆ ದಾರಿ ಇಲ್ವಾ? ನಕ್ಷೆ ತೋರಿಸ್ತೀನಿ. ದಕ್ಷಿಣಕ್ಕೆ ಹೋದ್ರೆ ಶೊರನೂರು, ಪಾಲಕ್ಕಾಡ್, ಸೇಲಂ ಸುತ್ತಿ ಬೆಂಗಳೂರು. ಉತ್ತರಕ್ಕೆ ಹೋದ್ರೆ ಮಡಗಾಂವ್, ಕುಳೆ, ಕ್ಯಾಸಲ್ ರಾಕ್, ಲೋಂಡಾ. ಅಲ್ಲಿರೋ ಘಾಟಿ ಇದಕ್ಕಿಂತ ಕಡಿದು, 37ಕ್ಕೆ 1, ಮಳೆಗೆ ಅಲ್ಲೂ ಮಣ್ಣು ಜಾರುತ್ತೆ. ಬಸ್ಸಿಗೆ ಹೋಗೋಣ ಅಂದ್ರೆ ಹಳಿ ಮೇಲೆ ಗುಡ್ಡ ಬೀಳಿಸಿದ ಮಳೆ ಪಕ್ಕದ ಶಿರಾಡಿ ಘಾಟಿಯ ಹೆದ್ದಾರಿಯನ್ನ ಸುಮ್ನೆ ಬಿಡುತ್ತಾ? 2024ರ ಅದೇ ಜುಲೈನಲ್ಲಿ ರಸ್ತೇನೂ ಬಂದ್ ಆಗಿತ್ತು. ಎರಡೂ ಒಟ್ಟಿಗೆ ಮುಚ್ಚಿದ ದಿನ ಚಾರ್ಮಾಡಿ ಕಡೆ ಏನು ಸಾಲು ಇರುತ್ತೆ ಅಂತ ಕಂಡೋರಿಗೇ ಗೊತ್ತು.

ಕೊಂಕಣ ರೈಲ್ವೆಯವರ ಒಂದು ಪದ್ಧತಿ ನನಗೆ ಇಷ್ಟ. 2003ರಲ್ಲಿ ವೈಭವವಾಡಿ ಹತ್ತಿರ, 2004ರಲ್ಲಿ ಕರಂಜಾಡಿ ಹತ್ತಿರ ಮಳೆಗಾಲದಲ್ಲೇ ದೊಡ್ಡ ಅಪಘಾತ ಆದ್ವು, ಎರಡಕ್ಕೂ ಕಾರಣ ಜಾರಿ ಬಂದ ಗುಡ್ಡ. ಅಲ್ಲಿ ಮಳೆಗಾಲಕ್ಕೆ ಬೇರೆ ವೇಳಾಪಟ್ಟಿಯೇ ಇದೆ. ವೇಗ ಕಡಿಮೆ, ಜೋರು ಮಳೆ ಬಂದ್ರೆ ಗಂಟೆಗೆ 40 ಕಿಲೋಮೀಟರ್ ಮೀರೋ ಹಾಗಿಲ್ಲ, ಹಳಿ ಉದ್ದಕ್ಕೂ ಗಸ್ತು. ಪ್ರಯಾಣ ಉದ್ದ ಆಗುತ್ತೆ ನಿಜ. ಆದ್ರೆ ಜೂನ್‌ನಲ್ಲಿ ಟಿಕೆಟ್ ತಗೊಳ್ಳೋನಿಗೆ ಅದು ಮೊದಲೇ ಗೊತ್ತಿರುತ್ತೆ. ಮುಂಚೆಯೇ ಬರೆದಿಟ್ಟ ಎರಡು ಗಂಟೆ ಯಾರಿಗೂ ಅಷ್ಟು ಭಾರ ಆಗಲ್ಲ.

ಇನ್ನು ನನ್ನ ಮುಖ್ಯ ತಕರಾರಿಗೆ ಬರ್ತೀನಿ. ಈ ದಾರಿಯಲ್ಲಿ ಏನೇ ಆದ್ರೂ ಮೊದಲು ಬಲಿಯಾಗೋದು ಹಗಲು ರೈಲು.

2021ರ ಜುಲೈನಲ್ಲಿ ಯಶವಂತಪುರ–ಮಂಗಳೂರು ಹಗಲು ರೈಲುಗಳಿಗೆ ವಿಸ್ಟಾಡೋಮ್ ಬೋಗಿ ಬಂತು. ದೊಡ್ಡ ಕಿಟಕಿ, ಗಾಜಿನ ಚಾವಣಿ. ಈ ಘಾಟಿ ನೋಡೋಕೇ ಜನ ಬರೋಕೆ ಶುರು ಮಾಡಿದ್ರು, ನನ್ನಂಥ ವ್ಲಾಗರ್‌ಗಳೂ ಬಂದ್ರು ಬಿಡಿ. 2025ರಲ್ಲಿ ವಿದ್ಯುದೀಕರಣದ ಕೆಲಸಕ್ಕೆ ಹಗಲಲ್ಲಿ ಲೈನ್ ಬ್ಲಾಕ್, ಅಂದ್ರೆ ರೈಲು ಬಿಡದೆ ಹಳಿ ಖಾಲಿ ಇಡೋ ಸಮಯ, ಬೇಕಾಯ್ತು. ಸುರಂಗದೊಳಗೆ ತಂತಿ ಎಳೆಯೋದು ರೈಲುಗಳ ಮಧ್ಯದ ಅರ್ಧ ಗಂಟೆಯಲ್ಲಿ ಆಗೋ ಕೆಲಸ ಅಲ್ಲ, ಒಪ್ಕೊಂಡೆ. ಜೂನ್‌ನಿಂದ ನವೆಂಬರ್ ಶುರುವಿನವರೆಗೆ ಹಗಲು ರೈಲು ರದ್ದು ಅಂದ್ರು. ನವೆಂಬರ್ ಬಂದಾಗ ಡಿಸೆಂಬರ್‌ವರೆಗೆ ಅಂದ್ರು. ರಾತ್ರಿ ರೈಲುಗಳು ಓಡ್ತಾ ಇದ್ವು, ಹಾಗಾಗಿ ಬೆಂಗಳೂರಿನವರಿಗೆ ಅದು ಸುದ್ದಿ ಅನ್ನಿಸ್ಲೇ ಇಲ್ಲ.

ಹಗಲು ರೈಲು ಅಂದ್ರೆ ಪ್ರವಾಸಿಗಳ ರೈಲು ಅನ್ನೋ ಭಾವನೆ ಇದೆಯಲ್ಲ, ಅದೇ ತಪ್ಪು. ಬೋಗಿಯಲ್ಲಿ ಒಮ್ಮೆ ಓಡಾಡಿ ನೋಡಿ. ಆಸ್ಪತ್ರೆಗೆ ಹೊರಟ ವಯಸ್ಸಾದವರು, ಬಸ್ಸಿನ ತಿರುವಲ್ಲಿ ವಾಂತಿ ಆಗುತ್ತೆ ಅಂತ ರೈಲೇ ಹಿಡಿಯೋರು, ಹಾಸನದಲ್ಲಿ ಹತ್ತಿ ಸುಬ್ರಹ್ಮಣ್ಯಕ್ಕೆ ಹೋಗೋರು, ರಾತ್ರಿ ರೈಲಲ್ಲಿ ಒಬ್ಬರೇ ಬರೋಕೆ ಹಿಂಜರಿಯೋ ಹುಡುಗಿಯರು. ರಾತ್ರಿ ರೈಲು ಅವರೂರಿಗೆ ಬರೋದು ನಡುರಾತ್ರಿ ಅಥವಾ ಕೋಳಿ ಕೂಗೋ ಹೊತ್ತಿಗೆ. ಎದುರಿನ ಅಮ್ಮ ಹೇಳಿದ್ದೂ ಇದನ್ನೇ. "ತಡ ಆದ್ರೆ ಆಗ್ಲಿ, ಕೂತ್ಕೊಂಡು ಬರುದಲ್ವಾ. ರೈಲೇ ಇಲ್ಲ ಅಂದ್ರೆ ಮಗಳ ಮನೆಗೆ ಹೋಗುದು ಹೇಗೆ?"

2025ರ ಡಿಸೆಂಬರ್ ಕೊನೆಗೆ ಎಲೆಕ್ಟ್ರಿಕ್ ಎಂಜಿನ್ ಈ ಘಾಟಿಯಲ್ಲಿ ಓಡಿಸಿ ನೋಡಿ ಆಯ್ತು. ಇದರಿಂದ ಏನು ಬದಲಾಗುತ್ತೆ? ಏರಿಗೆ ಬಲ ಸಿಗುತ್ತೆ. ಇಳಿಯುವಾಗ ಎಂಜಿನ್ನೇ ವೇಗವನ್ನ ತಡೆದು ಆ ಶಕ್ತಿಯನ್ನ ತಂತಿಗೆ ವಾಪಸ್ ಕೊಡಬಹುದು. ಸುರಂಗದೊಳಗಿನ ಹೊಗೆ ಹೋಗುತ್ತೆ, ಕಿಟಕಿ ಪಕ್ಕದವರಿಗೆ ಅದೇ ಸಾಕು. ಆದ್ರೆ ಹಳಿ ಇನ್ನೂ ಒಂದೇ, ಮಧ್ಯದ ನಿಲ್ದಾಣ ಇನ್ನೂ ನಾಲ್ಕೇ, ಗುಡ್ಡಕ್ಕೆ ಡೀಸೆಲ್ ಯಾವುದು ಕರೆಂಟ್ ಯಾವುದು ಅಂತ ಗೊತ್ತಿಲ್ಲ. "ಇನ್ಮೇಲೆ ಐದು ಗಂಟೆಯಲ್ಲಿ ಮಂಗಳೂರು" ಅಂತ ಥಂಬ್‌ನೈಲ್ ಹಾಕೋರನ್ನ ನಂಬ್ಬೇಡಿ.

ಕೊನೆಗೆ ದುಡ್ಡಿನ ವಿಷಯ, ಇದನ್ನ ಪೂರ್ತಿ ಕೇಳಿಸ್ಕೊಳ್ಳಿ. ರೈಲೇ ರದ್ದಾದ್ರೆ ಆನ್‌ಲೈನ್ ಟಿಕೆಟ್ ಹಣ ತಾನಾಗೇ ಪೂರ್ತಿ ವಾಪಸ್ ಬರುತ್ತೆ, ನೀವು ಕ್ಯಾನ್ಸಲ್ ಬಟನ್ ಒತ್ತಲೇಬೇಡಿ. ನೀವು ಹತ್ತೋ ನಿಲ್ದಾಣಕ್ಕೆ ರೈಲು ಮೂರು ಗಂಟೆಗಿಂತ ಹೆಚ್ಚು ತಡ ಆಗಿ, ನೀವು ಹೋಗೋದು ಬೇಡ ಅಂದ್ಕೊಂಡ್ರೂ ಪೂರ್ತಿ ಹಣಕ್ಕೆ ಹಕ್ಕಿದೆ. ಆದ್ರೆ ರೈಲು ಆ ನಿಲ್ದಾಣ ಬಿಡೋ ಮುಂಚೆ ಟಿಡಿಆರ್, ಅಂದ್ರೆ ಹಣ ವಾಪಸ್ ಕೇಳೋ ಅರ್ಜಿ, ಹಾಕಿರ್ಬೇಕು. ರೈಲು ಹೋದ ಮೇಲೆ ಮನೆಗೆ ಬಂದು ನಿಧಾನಕ್ಕೆ ಹಾಕ್ತೀನಿ ಅಂದ್ರೆ ಆಗಲ್ಲ. ದಾರಿ ಬದಲಾಗಿ ನಿಮ್ಮೂರನ್ನ ಮುಟ್ಟದೆ ಹೋದ್ರೂ ಟಿಡಿಆರ್ ಹಾಕಿ ಹಣ ಕೇಳಬಹುದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ದಾರಿಯಲ್ಲಿ ಬರೋರು ಹೊರಡೋ ದಿನ ಬೆಳಿಗ್ಗೆ ಒಮ್ಮೆ ರೈಲ್ವೆಯ ಎನ್‌ಟಿಇಎಸ್ ಆಪ್ ತೆಗೆದು ರದ್ದಾದ ರೈಲುಗಳ ಪಟ್ಟಿ ನೋಡಿ. ಘಾಟಿ ಒಳಗೆ ಬಂದ ಮೇಲೆ ನೋಡ್ತೀನಿ ಅಂದ್ರೆ ನೆಟ್‌ವರ್ಕ್ ಇರಲ್ಲ.