ಸಿಗರೇಟು ಪೊಟ್ಟಣದೊಳಗಿನ ಸಿಪಾಯಿಗಳು

ಕೇಳುಗರಿಗೆ ನಮಸ್ಕಾರ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಿಗರೇಟುಗಳು ತೆಳುಕಾಗದದ ಪೊಟ್ಟಣಗಳಲ್ಲಿ ಮಾರಾಟವಾಗುತ್ತಿದ್ದವು. ಅವು ನಲುಗದಿರಲೆಂದು ಒಳಗಿಡುತ್ತಿದ್ದ ರಟ್ಟಿನ ಚೂರಿನ ಮೇಲೆ ಚಿತ್ರಮಾಲೆಯೊಂದನ್ನು ಅಚ್ಚುಹಾಕಿದರೆ, ಮಾಲೆಯನ್ನು ಪೂರ್ತಿ ಮಾಡುವ ಆಸೆಯಿಂದ ಜನ ಅದೇ ಸಿಗರೇಟನ್ನು ಮತ್ತೆ ಮತ್ತೆ ಕೊಳ್ಳುತ್ತಾರೆಂಬುದನ್ನು ತಂಬಾಕು ಕಂಪನಿಗಳು ಬಹುಬೇಗ ಅರಿತವು. ನ್ಯೂಯಾರ್ಕಿನ ಕಿನ್ನಿ ಬ್ರದರ್ಸ್ 1880ರ ದಶಕದಲ್ಲಿ ಹೊರತಂದ ಸೇನಾ ಸಮವಸ್ತ್ರಗಳ ಮಾಲೆಯಲ್ಲಿ 600ಕ್ಕೂ ಹೆಚ್ಚು ಕಾರ್ಡುಗಳಿದ್ದವು. ಬ್ರಿಸ್ಟಲ್ ನಗರದ ವಿಲ್ಸ್ ಕಂಪನಿ 1895ರ ಸುಮಾರಿಗೆ ‘ಸೋಲ್ಜರ್ಸ್ ಆಫ್ ದಿ ವರ್ಲ್ಡ್’ ಎಂಬ ಮಾಲೆಯನ್ನು ಹೊರಡಿಸಿತು.

ಅಂಗೈಗಿಂತ ಚಿಕ್ಕದಾದ ಈ ಕಾರ್ಡುಗಳನ್ನು ಬಹುವರ್ಣದ ಕಲ್ಲಚ್ಚಿನಲ್ಲಿ ಮುದ್ರಿಸುತ್ತಿದ್ದರು. ಒಂದೊಂದು ಬಣ್ಣಕ್ಕೂ ಒಂದೊಂದು ಅಚ್ಚು ಬೇಕಾಗುತ್ತಿದ್ದ ಆ ಕೆಲಸದಲ್ಲಿ ತೋಳಿನ ಜರಿ, ಕೊರಳಪಟ್ಟಿಯ ಬಣ್ಣ, ಗುಂಡಿಗಳ ಸಾಲು ಇವೆಲ್ಲ ಸ್ಪಷ್ಟವಾಗಿ ಮೂಡಿರುವುದನ್ನು ಕಂಡಾಗ, ಹೆಸರು ತಿಳಿಯದ ಆ ಅಚ್ಚುಗಾರರ ಕೈಚಳಕಕ್ಕೆ ತಲೆಬಾಗಬೇಕೆನಿಸುತ್ತದೆ.

ಆದರೆ ಈ ಚಿತ್ರಗಳನ್ನು ಯುದ್ಧಭೂಮಿಯ ದಾಖಲೆಯೆಂದು ಓದಲಾಗದು. ಪೆಶಾವರದಲ್ಲಿ 1840ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿ ಹ್ಯಾರಿ ಲಮ್ಸ್‌ಡೆನ್ ಕಟ್ಟಿದ ಗೈಡ್ಸ್ ಪಡೆ ತೊಟ್ಟ ಮಣ್ಣುಬಣ್ಣದ ಖಾಕಿ ಮೆಲ್ಲಗೆ ಹರಡಿ, 1902ರಲ್ಲಿ ಇಡೀ ಬ್ರಿಟಿಷ್ ಸೇನೆಯ ಕಾರ್ಯಸಮವಸ್ತ್ರವಾಯಿತು. ದೂರಕ್ಕೆ ಗುರಿಯಿಡಬಲ್ಲ ಬಂದೂಕುಗಳೂ ಹೊಗೆಯಿಲ್ಲದ ಮದ್ದೂ ಬಂದ ಮೇಲೆ ಕೆಂಪು ಕೋಟು ತೊಟ್ಟು ನಿಲ್ಲುವುದೆಂದರೆ ಶತ್ರುವಿಗೆ ಗುರಿಯಾಗುವುದೇ ಆಗಿತ್ತು. ಹೀಗಿದ್ದೂ ನಾಟಿಂಗ್‌ಹ್ಯಾಮ್‌ನ ಜಾನ್ ಪ್ಲೇಯರ್ ಕಂಪನಿ 1912 ಮತ್ತು 1914ರಲ್ಲಿ ಹೊರತಂದ ರೆಜಿಮೆಂಟ್ ಮಾಲೆಗಳು ಕವಾಯತು ಮೈದಾನದ ಹಳೆಯ ವೈಭವವನ್ನೇ ತೋರಿಸಿದವು. ಕಂಪನಿಗಳು ಮಾರಿದ್ದು ಮೆರವಣಿಗೆಯ ಸೈನಿಕನನ್ನು. ಕಂದಕದ ಕೆಸರಿನಲ್ಲಿ ನಿಂತವನನ್ನಲ್ಲ.

ಇದೇ ಕಾಲದಲ್ಲಿ ವಿಲ್ಸ್ ಕಂಪನಿಯು ಭಾರತದಲ್ಲಿ ಬಿಕರಿಯಾಗುತ್ತಿದ್ದ ತನ್ನ ‘ಸಿಸರ್ಸ್’ ಸಿಗರೇಟಿನೊಡನೆ ಭಾರತೀಯ ರೆಜಿಮೆಂಟುಗಳ ಮಾಲೆಯೊಂದನ್ನು ಕೊಟ್ಟಿತು. ಪೇಟ ಸುತ್ತುವ ರೀತಿ ಸಮುದಾಯದಿಂದ ಸಮುದಾಯಕ್ಕೆ ಬೇರೆಯಾಗಿದ್ದ ನಮ್ಮ ಸಿಪಾಯಿಗಳು ಇಂಥ ಮಾಲೆಗಳಿಗೆ ಹೇಳಿಮಾಡಿಸಿದ ವಸ್ತುವಾಗಿದ್ದರು. ಕೆಲವು ಜನಾಂಗಗಳು ಮಾತ್ರ ಹುಟ್ಟು ಯೋಧರು ಎಂಬ ಅಂದಿನ ಆಳುವವರ ನಂಬಿಕೆಗೂ ಈ ವಿಂಗಡಣೆ ಒಪ್ಪುತ್ತಿತ್ತು. ಕಾರ್ಡಿನಲ್ಲಿ ಪಡೆಯ ಹೆಸರಿದೆ, ಪೇಟವಿದೆ, ನಡುಪಟ್ಟಿಯಿದೆ. ಅವನ್ನು ತೊಟ್ಟ ಮನುಷ್ಯನಿಗೆ ಮಾತ್ರ ಅಲ್ಲಿ ಸ್ವಂತ ಹೆಸರಿಲ್ಲ. ಈ ಕೊರತೆ ನನ್ನನ್ನು ಬಹಳವಾಗಿ ನೋಯಿಸುತ್ತದೆ.

ರಾಜಕೀಯವೂ ಈ ರಟ್ಟಿನ ಚೂರುಗಳನ್ನು ಬಿಡಲಿಲ್ಲ. ವಾಟರ್ಲೂ ಕದನಕ್ಕೆ ನೂರು ವರ್ಷ ತುಂಬಿದ 1915ರ ಹೊತ್ತಿಗೆ ವಿಲ್ಸ್ ಕಂಪನಿ ಆ ಕದನದ ಮಾಲೆಯನ್ನು ಸಿದ್ಧಪಡಿಸಿತ್ತು. ಅಂದು ಬ್ರಿಟನ್ ಮತ್ತು ಅದರ ಜೊತೆಗಾರರ ಎದುರು ಸೋತಿದ್ದ ಫ್ರಾನ್ಸ್ ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಮಿತ್ರರಾಷ್ಟ್ರವಾಗಿದ್ದರಿಂದ, ಫ್ರಾನ್ಸಿನ ಮನನೋಯಿಸಬಾರದೆಂದು ಮಾಲೆಯನ್ನು ಬಿಡುಗಡೆ ಮಾಡದೆ ತಡೆಹಿಡಿಯಲಾಯಿತು. ಮುಂದೆ ಎರಡನೆಯ ಮಹಾಯುದ್ಧದ ಕಾಗದದ ಅಭಾವದಿಂದ 1940ರಲ್ಲಿ ಬ್ರಿಟನ್ನಿನ ಕಂಪನಿಗಳು ಪೊಟ್ಟಣಗಳಲ್ಲಿ ಕಾರ್ಡು ಇಡುವುದನ್ನೇ ನಿಲ್ಲಿಸಿದವು.