ಹೇಳಿ ಮಾಡುವ ಯಂತ್ರ

ಕೇಳುಗರಿಗೆ ನಮಸ್ಕಾರ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆಯಿತಲ್ಲ, ಆಮೇಲಿಂದ ನಮ್ಮೂರ ಹುಡುಗರದು ಒಂದೇ ಪ್ರಶ್ನೆ. "ಸಾರ್, ಈಗ ವಿಮಾನ ತಾನೇ ಹಾರುತ್ತದಂತೆ, ಪೈಲಟ್ ಯಾಕೆ ಬೇಕು?" ನಾನು ಪೈಲಟ್ ಕೂರುವ ಕಾಕ್‌ಪಿಟ್‌ನ ವಿನ್ಯಾಸದಲ್ಲೇ ಕೆಲಸ ಮಾಡಿ ನಿವೃತ್ತನಾದವನು. ನನ್ನ ಉತ್ತರವೂ ಒಂದೇ. ಯಂತ್ರ ಎಷ್ಟಾದರೂ ಕೆಲಸ ಮಾಡಲಿ, ಹೇಳಿ ಮಾಡಬೇಕು.

ನಮ್ಮ ತೆಂಗಿನ ತೋಟದ ಕಥೆ ಕೇಳಿ. ಬೋರ್‌ವೆಲ್ ಮೋಟರ್‌ಗೆ ಆಟೋ ಸ್ಟಾರ್ಟರ್ ಇದೆ. ನಿಮ್ಮಲ್ಲೂ ಇರುತ್ತದೆ. ತ್ರೀಫೇಸ್ ಕರೆಂಟ್ ಬಂದ ಕೂಡಲೇ ಮೋಟರ್ ತಾನೇ ಓಡುತ್ತದೆ. ರಾತ್ರಿ ಎರಡು ಗಂಟೆಗೆ ಬ್ಯಾಟರಿ ಹಿಡಿದು ತೋಟಕ್ಕೆ ಓಡುವ ಕಷ್ಟ ತಪ್ಪಿತು, ಒಳ್ಳೆಯದೇ. ಒಂದು ದಿನ ಪೈಪಿನ ಜಾಯಿಂಟ್ ಸೋರುತ್ತಿತ್ತು. ಸ್ಟಾರ್ಟರ್ ಆಫ್ ಇದೆ ಅಂದುಕೊಂಡು ಜಾಯಿಂಟ್ ಬಿಚ್ಚಿ ಕೂತೆ. ನನ್ನ ತಮ್ಮ ಬೆಳಿಗ್ಗೆಯೇ ಅದನ್ನು ಆಟೋಗೆ ಹಾಕಿ ಸಂತೆಗೆ ಹೋಗಿದ್ದ. ಸ್ವಿಚ್ಚಿನ ಪಕ್ಕದ ಅಕ್ಷರ ಬಿಸಿಲಿಗೆ ಅಳಿಸಿಹೋಗಿತ್ತು. ಕರೆಂಟ್ ಬಂತು. ನೀರಿನ ರಭಸಕ್ಕೆ ಪೈಪ್ ಎದ್ದು ನನ್ನ ಎದೆಗೆ ಬಡಿಯಿತು. ಉಸಿರು ಕಟ್ಟಿ ಪಾತಿಯೊಳಗೆ ಬಿದ್ದೆ. ಮೋಟರ್ ಕೆಟ್ಟಿರಲಿಲ್ಲ. ತಮ್ಮನೂ ತಪ್ಪು ಮಾಡಿರಲಿಲ್ಲ. ಯಂತ್ರ ಯಾವ ಸ್ಥಿತಿಯಲ್ಲಿದೆ ಅಂತ ನನಗೆ ಗೊತ್ತಿರಲಿಲ್ಲ. ಮಾರನೇ ದಿನವೇ ಬಜರ್ ಹಾಕಿಸಿದೆ. ಈಗ ಮೊದಲು ಅದು ಕೂಗುತ್ತದೆ, ಆಮೇಲೆ ಮೋಟರ್ ಓಡುತ್ತದೆ.

ವಿಮಾನದಲ್ಲೂ ಇದೇ ಕಥೆ. 1990ರ ಫೆಬ್ರವರಿ 14ರಂದು ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಎ320 ವಿಮಾನ, ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ರನ್‌ವೇ ತಲುಪುವ ಮೊದಲೇ ಗಾಲ್ಫ್ ಮೈದಾನಕ್ಕೆ ಬಿತ್ತು. 146 ಜನರಲ್ಲಿ 92 ಜನ ತೀರಿಕೊಂಡರು. ಎಂಜಿನ್ ಕೆಟ್ಟಿರಲಿಲ್ಲ. ಇಳಿಯುವಾಗ ವಿಮಾನದ ಸ್ವಯಂಚಾಲಿತ ವ್ಯವಸ್ಥೆ 'ಓಪನ್ ಡಿಸೆಂಟ್' ಅನ್ನುವ ಮೋಡ್‌ನಲ್ಲಿ, ಅಂದರೆ ಸ್ಥಿತಿಯಲ್ಲಿತ್ತು. ಅದರಲ್ಲಿ ಎಂಜಿನ್ ಐಡಲ್‌ನಲ್ಲೇ, ಅಂದರೆ ತೀರಾ ಕಡಿಮೆ ಶಕ್ತಿಯಲ್ಲೇ ಇರುತ್ತದೆ. ವೇಗ ಇಳಿಯುತ್ತಿರುವುದು ಪೈಲಟ್‌ಗಳ ಗಮನಕ್ಕೆ ಬರುವಷ್ಟರಲ್ಲಿ ತಡವಾಗಿತ್ತು. ಮೋಡ್‌ನ ಹೆಸರು ಪರದೆಯ ಮೇಲೇನೋ ಇರುತ್ತದೆ. ಪರದೆಯಲ್ಲಿದ್ದರೆ ಸಾಕಾ? ಮನುಷ್ಯನಿಗೆ ಮುಟ್ಟಬೇಕು ಅಲ್ವಾ?

ಈಗ ಹೊಸ ಬಗೆಯ ಯಂತ್ರ ಬರುತ್ತಿದೆ, ಅಡಾಪ್ಟಿವ್ ಆಟೊಮೇಷನ್ ಅಂತ. ಪೈಲಟ್‌ನ ಕಣ್ಣಿನ ಚಲನೆ, ಎದೆಬಡಿತ ನೋಡಿ, ಕೆಲಸ ಜಾಸ್ತಿಯಾಯಿತು ಅಂತ ಗುರುತಿಸಿ, ಒಂದಿಷ್ಟನ್ನು ತಾನೇ ವಹಿಸಿಕೊಳ್ಳುತ್ತದೆ. ಹೊರೆ ಇಳಿದಾಗ ವಾಪಸ್ ಕೊಡುತ್ತದೆ. ನನಗೆ ಬಲು ಇಷ್ಟವಾದ ವಿಷಯ ಇದು. ಆದರೆ ನೋಡಿ, ಇಲ್ಲಿ ಸ್ವಿಚ್ ಹಾಕಲು ತಮ್ಮನೂ ಬೇಕಿಲ್ಲ, ಅದೇ ಹಾಕಿಕೊಳ್ಳುತ್ತದೆ! ಹಾಗಾಗಿ ತೆಗೆದುಕೊಳ್ಳುವಾಗಲೂ ಹೇಳಬೇಕು, ಕೊಡುವಾಗಲೂ ಹೇಳಬೇಕು. ಬೇಡ ಅಂದರೆ ಕೇಳಬೇಕು.

ಸಮಯ ಮುಗಿಯುತ್ತಿದೆ ಅಂತ ಸನ್ನೆ ಮಾಡುತ್ತಿದ್ದಾರೆ. ಇದೊಂದನ್ನು ಬಿಡಲಾರೆ. 2009ರ ಜೂನ್ 1ರಂದು ಅಟ್ಲಾಂಟಿಕ್ ಸಾಗರದ ಮೇಲೆ ಏರ್ ಫ್ರಾನ್ಸ್ 447ರ ವೇಗ ಅಳೆಯುವ ಕೊಳವೆಗಳಿಗೆ ಮಂಜುಗಡ್ಡೆ ಕಟ್ಟಿತು. ವಿಮಾನವನ್ನು ತಾನೇ ಹಾರಿಸುತ್ತಿದ್ದ ಆಟೋಪೈಲಟ್ ಯಂತ್ರ ತಟ್ಟನೆ ಕೈಬಿಟ್ಟಿತು. ನಾಲ್ಕೂವರೆ ನಿಮಿಷದೊಳಗೆ ವಿಮಾನ ಸಮುದ್ರಕ್ಕೆ ಬಿದ್ದು 228 ಜನರೂ ಹೋದರು. ಅಷ್ಟು ಎತ್ತರದಲ್ಲಿ ಕೈಯಲ್ಲಿ ಹಾರಿಸಿ ಆ ಪೈಲಟ್‌ಗಳಿಗೆ ರೂಢಿ ಇರಲಿಲ್ಲ. ಅದಕ್ಕೇ ಯಂತ್ರ ಆಗಾಗ ಸುಮ್ನೆ ಕೂತು, ಪೈಲಟ್ ಕೈಗೆ ಬಿಡಬೇಕು. ಬಿಡುವ ಮುಂಚೆ, ಬಿಡುತ್ತಿದ್ದೇನೆ ಅಂತ ಹೇಳಬೇಕು. ನಮಸ್ಕಾರ.