ಡೀಸೆಲ್ ಮೋಟರ್‌ಹೋಮ್‌ನಲ್ಲಿ ಥ್ರಾಟಲ್ ಸೆನ್ಸರ್ ವಾರ್ನಿಂಗ್: ಪೆಡಲ್ ಬದಲಿಸುವ ಮುಂಚೆ ಮೀಟರ್ ಹಿಡಿಯಿರಿ

[ದೃಶ್ಯ: ಡ್ಯಾಶ್‌ಬೋರ್ಡ್. ಹಳದಿ ಎಂಜಿನ್ ಲೈಟ್ ಹತ್ತಿದೆ, ಆರ್‌ಪಿಎಂ ಮುಳ್ಳು ಮೇಲೇಳುತ್ತಿಲ್ಲ]

ಆಕ್ಸಿಲರೇಟರ್ ಪೂರ್ತಿ ತುಳಿದರೂ ಗಾಡಿ ತೆವಳುತ್ತಿದೆಯಾ? ಇದು ಲಿಂಪ್ ಮೋಡ್. ಪೆಡಲಿನಲ್ಲಿರುವ ಸೆನ್ಸರ್‌ನಿಂದ ಬರುವ ಸಿಗ್ನಲ್ ಮೇಲೆ ಇಸಿಯುಗೆ, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ, ನಂಬಿಕೆ ಹೋಗಿದೆ. ಎಂಜಿನ್ ತನ್ನಷ್ಟಕ್ಕೆ ರೇಸ್ ಆಗಬಾರದು ಅಂತ ಅದೇ ಪವರ್ ಕಡಿಮೆ ಮಾಡಿದೆ. ಗಾಡಿಯನ್ನು ರಸ್ತೆಯಿಂದ ಪಕ್ಕಕ್ಕೆ ತೆಗೆದು ನಿಲ್ಲಿಸಿ. ಇಂಥ ಹೊತ್ತಲ್ಲಿ ಹೆಚ್ಚಿನವರು ಮೊದಲು ಮಾಡುವುದು ಹೊಸ ಪೆಡಲ್ ಕೊಳ್ಳುವುದು. ದಯವಿಟ್ಟು ಅವಸರ ಮಾಡಬೇಡಿ.

ಮೊದಲು ಸ್ಕ್ಯಾನರ್ ಸಿಕ್ಕಿಸಿ, ಇಸಿಯು ದಾಖಲಿಸಿದ ದೋಷದ ಕೋಡ್ ಓದಿ. ಡೀಸೆಲ್‌ನಲ್ಲಿ ಪವರ್ ನಿರ್ಧಾರವಾಗುವುದು ಇಂಜೆಕ್ಟರ್ ಬಿಡುವ ಇಂಧನದಿಂದ. ಗಾಳಿಯ ದಾರಿಯಲ್ಲಿ ಫ್ಲಾಪ್ (ತೆರೆದು ಮುಚ್ಚುವ ತಟ್ಟೆ) ಇದ್ದರೂ ಅದರ ಮುಖ್ಯ ಕೆಲಸ ಇಜಿಆರ್‌ಗೆ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವ್ಯವಸ್ಥೆ) ನೆರವಾಗುವುದು ಮತ್ತು ಎಂಜಿನ್ ಆಫ್ ಮಾಡಿದಾಗ ನಡುಕ ಇಲ್ಲದೆ ನಿಲ್ಲಿಸುವುದು. ಹಾಗಾಗಿ ‘ಥ್ರಾಟಲ್’ ಅಂತ ಬಂದ ಮಾತ್ರಕ್ಕೆ ಫ್ಲಾಪ್ ಬಿಚ್ಚಲು ಹೋಗಬೇಡಿ. ಪಿ2122, ಪಿ2123, ಪಿ2127, ಪಿ2128, ಪಿ2138 ಬಂದರೆ ಅದು ಪೆಡಲ್ ಸರ್ಕ್ಯೂಟ್. ಪಿ0638 ಬಂದರೆ ಮಾತ್ರ ಫ್ಲಾಪ್ ಕಡೆ ನೋಡಿ, ಮಸಿ ಕಟ್ಟಿರಬಹುದು. ಸ್ಕ್ಯಾನರ್‌ಗೆ ದುಂಡನೆಯ 9 ಪಿನ್ ಸಾಕೆಟ್ ಇರುವ ದೊಡ್ಡ ಗಾಡಿಗಳಲ್ಲಿ ಎಸ್‌ಪಿಎನ್ 91 ಅಂತ ತೋರಿಸುತ್ತದೆ. ಎಸ್‌ಪಿಎನ್ ಅಂದರೆ ದೋಷ ಯಾವುದರಲ್ಲಿ, ಎಫ್‌ಎಂಐ ಅಂದರೆ ಎಂಥ ದೋಷ ಅಂತ ಹೇಳುವ ಸಂಖ್ಯೆ. ಅದರ ಜೊತೆ ಎಫ್‌ಎಂಐ 3 ಇದ್ದರೆ ವೋಲ್ಟೇಜ್ ಹೆಚ್ಚು, 4 ಇದ್ದರೆ ಕಡಿಮೆ.

[ದೃಶ್ಯ: ಬ್ಯಾಟರಿ ಟರ್ಮಿನಲ್ ಮೇಲೆ ಮಲ್ಟಿಮೀಟರ್]

ಮೋಟರ್‌ಹೋಮ್ ತಿಂಗಳುಗಟ್ಟಲೆ ನಿಂತೇ ಇರುತ್ತದೆ, ಸಮಸ್ಯೆ ಶುರುವಾಗುವುದು ಅಲ್ಲಿಂದಲೇ. ಎಂಜಿನ್ ಆಫ್ ಇದ್ದಾಗ ಸ್ಟಾರ್ಟರ್ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. 12.2ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿ, ಕೋಡ್ ಅಳಿಸಿ, ಮತ್ತೆ ನೋಡಿ. ಗಮನಿಸಿ, ಮನೆ ಭಾಗದ ಬ್ಯಾಟರಿ ಬೇರೆ, ಅದನ್ನು ಅಳೆದು ಸುಮ್ಮನಾಗಬೇಡಿ.

[ದೃಶ್ಯ: ಪೆಡಲ್ ಕನೆಕ್ಟರ್, ಹತ್ತಿರದಿಂದ]

ಇಗ್ನಿಷನ್ ಆಫ್ ಮಾಡಿ ಕನೆಕ್ಟರ್ ಬಿಚ್ಚಿ. ಈ ಪಿನ್ ಬುಡದಲ್ಲಿ ಹಸಿರು ಪುಡಿ ಕಾಣುತ್ತಿದೆಯಲ್ಲ? ವಿಂಡ್‌ಸ್ಕ್ರೀನ್ ಅಂಚಿನಿಂದ ಜಿನುಗಿದ ನೀರು ವೈರ್ ಹಿಡಿದು ಇಳಿದು ಇಲ್ಲಿಗೇ ಬರುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಲು ಬಿಡಿ. ವೈರ್‌ಗಳನ್ನು ಇಲಿ ಕಡಿದಿದೆಯೇ ಅಂತಲೂ ನೋಡಿ. ಎಂಜಿನ್ ಹಿಂದಿರುವ ಗಾಡಿಗಳಲ್ಲಿ ವೈರ್‌ಗಳ ಕಟ್ಟು (ಹಾರ್ನೆಸ್) ಗಾಡಿಯ ಪೂರ್ತಿ ಉದ್ದಕ್ಕೂ ಓಡುತ್ತದೆ, ಚಾಸಿಗೆ ಉಜ್ಜಿ ಸವೆಯುವ ಜಾಗಗಳೂ ಹೆಚ್ಚು.

ಈಗ ಅಸಲಿ ಪರೀಕ್ಷೆ. ಸಾಮಾನ್ಯವಾಗಿ ಪೆಡಲಿಗೆ 6 ವೈರ್: ಎರಡು 5 ವೋಲ್ಟ್, ಎರಡು ಅರ್ಥ್, ಎರಡು ಸಿಗ್ನಲ್. ಹಳೆಯ ಕೆಲವು ಗಾಡಿಗಳಲ್ಲಿ ಎರಡನೇ ಸಿಗ್ನಲ್ ಬದಲು, ಪೆಡಲ್ ಬಿಟ್ಟಿದೆಯೇ ಅಂತ ತಿಳಿಸುವ ಐಡಲ್ ಸ್ವಿಚ್ ಇರುತ್ತದೆ. ಯಾವ ಪಿನ್ ಯಾವುದು ಅಂತ ನಿಮ್ಮ ಎಂಜಿನ್ನಿನ ವೈರಿಂಗ್ ನಕ್ಷೆಯಲ್ಲಿ ನೋಡಿಕೊಳ್ಳಿ. ಕನೆಕ್ಟರ್ ಮತ್ತೆ ಸಿಕ್ಕಿಸಿ, ಇಗ್ನಿಷನ್ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ತೆಳು ಪಿನ್ನನ್ನು ಕನೆಕ್ಟರ್ ಹಿಂಬದಿಯಿಂದ ತೂರಿಸಿ ಅಳೆಯಿರಿ. ವೈರಿನ ಮೇಲ್ಪದರ ಚುಚ್ಚಿದರೆ ನಾಳೆ ಅಲ್ಲೇ ನೀರು ಸೇರುತ್ತದೆ.

ಅರ್ಥ್ ಪಿನ್ನಿನಿಂದ ಬ್ಯಾಟರಿ ನೆಗೆಟಿವ್‌ಗೆ 0.1 ವೋಲ್ಟ್‌ಗಿಂತ ಹೆಚ್ಚು ಬರಬಾರದು. 5 ವೋಲ್ಟ್ ಬರದಿದ್ದರೆ ತಪ್ಪು ಪೆಡಲಿನದೇ ಅಂತ ತೀರ್ಮಾನಿಸಬೇಡಿ. ಅದೇ ಸಪ್ಲೈ ಮೇಲಿರುವ ಬೇರೊಂದು ಸೆನ್ಸರ್ ಶಾರ್ಟ್ ಆದರೂ 5 ವೋಲ್ಟ್ ಬಿದ್ದುಹೋಗುತ್ತದೆ, ಪಿ0641 ಕೂಡ ಕಾಣಬಹುದು. ಆ ಸೆನ್ಸರ್‌ಗಳನ್ನು ಒಂದೊಂದಾಗಿ ಬಿಚ್ಚುತ್ತಾ ಹೋಗಿ. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ಮರಳುತ್ತದೋ ಅದೇ ಕೆಟ್ಟಿರುವುದು.

[ದೃಶ್ಯ: ಪೆಡಲ್ ಮೇಲೆ ಕೈ, ಪಕ್ಕದಲ್ಲಿ ಮೀಟರ್]

ಬಹಳಷ್ಟು ಪೆಡಲ್‌ಗಳಲ್ಲಿ ಒಂದು ಸಿಗ್ನಲ್ ಇನ್ನೊಂದರ ದುಪ್ಪಟ್ಟು. ಬಿಟ್ಟಾಗ ಸುಮಾರು 0.75 ಮತ್ತು 0.37, ಪೂರ್ತಿ ಒತ್ತಿದಾಗ 4ರ ಹತ್ತಿರ ಮತ್ತು 2ರ ಹತ್ತಿರ, ಎಲ್ಲವೂ ವೋಲ್ಟ್‌ನಲ್ಲಿ. ಅಂಕಿ ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ, ಆದರೆ ಎರಡರ ಹೊಂದಾಣಿಕೆ ತಪ್ಪಬಾರದು. ತಪ್ಪಿದಾಗ ಬರುವುದೇ ಪಿ2138. ಕೈಯಿಂದ 20 ಸೆಕೆಂಡ್ ತೆಗೆದುಕೊಂಡು ನಿಧಾನವಾಗಿ ಒತ್ತಿ. ಅಂಕಿ ಹೀಗೆ ಬಂತು ಅಂದುಕೊಳ್ಳಿ: 1.10, 1.14, 1.19... ಥಟ್ಟನೆ 0.20, ಮತ್ತೆ 1.25. ಅಲ್ಲಿ ಸೆನ್ಸರಿನ ಟ್ರ್ಯಾಕ್ ಸವೆದಿದೆ. ಬೇಗ ಒತ್ತಿದರೆ ಮೀಟರ್ ಇದನ್ನು ಹಿಡಿಯುವುದಿಲ್ಲ. ಆದರೆ ಪೆಡಲ್ ಅಲುಗಾಡಿಸದೆ ವೈರ್ ಮಾತ್ರ ಅಲುಗಾಡಿಸಿದಾಗ ಅಂಕಿ ಜಿಗಿದರೆ, ತಪ್ಪು ವೈರಿನದು.

ಎಲ್ಲ ಸರಿಯಿದ್ದೂ ಕೋಡ್ ಮರಳಿದರೆ ಬ್ರೇಕ್ ಸ್ವಿಚ್ ನೋಡಿ. ಬ್ರೇಕ್ ಒತ್ತಿಯೇ ಇದೆ ಅಂತ ಇಸಿಯು ತಿಳಿದರೆ ಎಷ್ಟು ತುಳಿದರೂ ಪವರ್ ಕೊಡದೇ ಇರಬಹುದು. ಸ್ಕ್ಯಾನರ್‌ನ ಲೈವ್ ಡೇಟಾದಲ್ಲಿ, ಕಾಲು ತೆಗೆದಾಗ ಅದು ‘ಆಫ್’ ಅಂತ ತೋರಿಸಬೇಕು.